ವಾಗ್ದಾನದ ವಾರಸುದಾರರು ಯಾರು? ಬೈಬಲಿನ ಸ್ವಾಸ್ತ್ಯ, ದತ್ತು, ಒಡಂಬಡಿಕೆಯನ್ನು ಮೊದಲಿನಿಂದ ಓದುವ ಕ್ರಮ

“ನಾವು ವಾಗ್ದಾನದ ಬಾಧ್ಯರು”, ಅಂದರೆ ವಾರಸುದಾರರು, ಎಂಬ ಮಾತು ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಹಾಡಿನಲ್ಲಿ ಇರುತ್ತದೆ, ಪ್ರಾರ್ಥನೆಯಲ್ಲಿ ಇರುತ್ತದೆ. ಆದರೆ ಬಾಧ್ಯರು ಅಂದರೆ ಯಾವ ಸ್ವತ್ತಿಗೆ? ಅದನ್ನು ಕೊಡುವವರು ಯಾರು? ಮೊದಲು ಅದು ಯಾರ ಹೆಸರಿನಲ್ಲಿತ್ತು? ಹೊರಗಿನವರ ಹೆಸರು ಅದರಲ್ಲಿ ಹೇಗೆ ಸೇರಿತು? ಹೀಗೆ ಒಂದೊಂದಾಗಿ ಕೇಳುತ್ತಾ ಹೋದರೆ ಬಹಳ ಜನ ತಡವರಿಸುತ್ತಾರೆ. ಕಾರಣ ಇಷ್ಟೇ. ನಾವು ಈ ವಿಷಯವನ್ನು ಹೊಸ ಒಡಂಬಡಿಕೆಯಲ್ಲಿರುವ ಅಪೊಸ್ತಲ ಪೌಲನ ಪತ್ರಗಳಿಂದ ಶುರು ಮಾಡುತ್ತೇವೆ. ಪೌಲ ಅದನ್ನು ಆದಿಕಾಂಡದಿಂದ ಶುರು ಮಾಡಿದ್ದ.

ಹಾಗಾಗಿ ಅವನು ಓದಿದ ದಾರಿಯಲ್ಲೇ ಓದುವ ಒಂದು ಕ್ರಮ ಇಲ್ಲಿದೆ. ಒಬ್ಬರೇ ಓದಬಹುದು. ಮನೆಕೂಟದಲ್ಲಿ ವಾರಕ್ಕೊಂದು ಹಂತ ಇಟ್ಟುಕೊಂಡರೆ ಇನ್ನೂ ಚೆನ್ನ. ಹೀಬ್ರೂ, ಗ್ರೀಕ್ ಗೊತ್ತಿರಬೇಕಾಗಿಲ್ಲ. ಕನ್ನಡ ಬೈಬಲ್, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು.

ಶುರು ಮಾಡುವ ಮೊದಲು

ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆದುಕೊಳ್ಳಿ. ಕೊಡುವವರು ಯಾರು, ಪಡೆಯುವವರು ಯಾರು, ಸಿಗುವುದು ಏನು, ಷರತ್ತು ಏನು, ಹೊರಗೆ ಉಳಿದವರು ಯಾರು. ಪ್ರತಿ ಭಾಗ ಓದಿದ ಮೇಲೆ ಐದನ್ನೂ ತುಂಬಿಸಿ. ಖಾಲಿ ಉಳಿದರೆ ಖಾಲಿ ಬಿಡಿ, ಸುಮ್ನೆ ಏನೋ ಒಂದು ಬರೆಯಬೇಡಿ. ಐದನೆಯ ಕಾಲಂ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಪ್ರಸಂಗಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಅದೇ.

ಇನ್ನೊಂದು ತಯಾರಿ ಮನಸ್ಸಿನದು. ನಮ್ಮ ಕಡೆ ದತ್ತು ಅಂದ ತಕ್ಷಣ ಶಾಸ್ತ್ರ, ಪತ್ರ, ಸಾಕ್ಷಿ ಎಲ್ಲ ನೆನಪಾಗುತ್ತವೆ. ಕಿತ್ತೂರಿನ ಕಥೆ ಎಲ್ಲರಿಗೂ ಗೊತ್ತು. 1824ರಲ್ಲಿ ದತ್ತು ಬಂದ ಶಿವಲಿಂಗಪ್ಪನನ್ನು ಕಂಪನಿ ಸರ್ಕಾರ ವಾರಸುದಾರ ಎಂದು ಒಪ್ಪಲಿಲ್ಲ, ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಳು. ಮಗುವನ್ನು ಸಾಕುವುದಕ್ಕೆ ಯಾರ ತಕರಾರೂ ಇರಲಿಲ್ಲ. ಗಾದಿ ಯಾರಿಗೆ ಎಂಬುದೇ ಜಗಳ. ಹಳೆಯ ಕಾಲದ ದತ್ತಿನಲ್ಲಿ ಪ್ರೀತಿಯ ಜೊತೆ ಸ್ವತ್ತು, ಹೆಸರು, ಮನೆತನ ಇದ್ದೇ ಇರುತ್ತವೆ. ಬೈಬಲ್ ಓದುವಾಗಲೂ ಇದು ನೆನಪಿರಲಿ.

ಆದರೆ ಒಂದು ವ್ಯತ್ಯಾಸ ಇದೆ. ಮೋಶೆಯ ಧರ್ಮಶಾಸ್ತ್ರದಲ್ಲಿ ದತ್ತು ತೆಗೆದುಕೊಳ್ಳುವ ಕಾನೂನೇ ಇಲ್ಲ. ಹುಡುಕಿದರೂ ಸಿಗುವುದಿಲ್ಲ. ಮಕ್ಕಳಿಲ್ಲದೆ ಸತ್ತವನ ಹೆಸರು ಉಳಿಸಲು ಅವರು ಹಿಡಿದ ದಾರಿ ಬೇರೆ. ಸತ್ತವನ ಸಹೋದರ ಆ ವಿಧವೆಯನ್ನು ಮದುವೆಯಾಗಬೇಕು, ಹುಟ್ಟುವ ಮೊದಲ ಮಗ ಸತ್ತವನ ಹೆಸರಿಗೆ ಸೇರಬೇಕು. ಇದು ಧರ್ಮೋಪದೇಶಕಾಂಡ 25ರಲ್ಲಿದೆ. ಕಾನೂನು ಇಲ್ಲದಿದ್ದರೂ ದತ್ತಿನಂಥ ಘಟನೆಗಳು ಕಥೆಗಳಲ್ಲಿ ಇವೆ. ಫರೋಹನ ಮಗಳು ಮೋಶೆಯನ್ನು ಮಗನನ್ನಾಗಿ ಮಾಡಿಕೊಂಡಳು. ಮೊರ್ದೆಕೈ ತಂದೆತಾಯಿ ಇಲ್ಲದ ಎಸ್ತೇರಳನ್ನು ಮಗಳನ್ನಾಗಿ ಮಾಡಿಕೊಂಡ. ಎರಡೂ ನಡೆದದ್ದು ಪರದೇಶದಲ್ಲಿ, ಇದನ್ನು ಗಮನಿಸಿ. ಮೂರನೆಯದೊಂದಿದೆ, ಅದೂ ಪರದೇಶದ್ದೇ. ಅದಕ್ಕೆ ಆಮೇಲೆ ಬರೋಣ.

ಹಂತ 1: ಆದಿಕಾಂಡ 15, ಜೊತೆಗೆ ಯೆರೆಮೀಯ 34

ಅಬ್ರಾಮನಿಗೆ ಮಕ್ಕಳಿಲ್ಲ. ನನ್ನ ಮನೆಯ ದಾಸ, ದಮಸ್ಕದ ಎಲೀಯೆಜರನೇ ನನ್ನ ಸ್ವತ್ತಿಗೆ ಬಾಧ್ಯನಾಗಬೇಕೋ ಏನೋ ಎಂದು ದೇವರ ಮುಂದೆ ಗೋಳಿಡುತ್ತಾನೆ. ಸಂತಾನ ಕೊಡುತ್ತೇನೆ, ದೇಶ ಕೊಡುತ್ತೇನೆ ಎಂದು ದೇವರು ಮಾಡಿದ ವಾಗ್ದಾನದ ಕಥೆ ಇಡೀ ಈ ಮನೆಯ ಚಿಂತೆಯಿಂದ ಶುರುವಾಗುತ್ತದೆ: ನಾನು ಹೋದ ಮೇಲೆ ಇದೆಲ್ಲ ಯಾರಿಗೆ?

ಇಲ್ಲಿ ವ್ಯಾಖ್ಯಾನ ಗ್ರಂಥಗಳಲ್ಲಿ ನೂಜಿ ಎಂಬ ಹೆಸರು ಬರುತ್ತದೆ. ಇರಾಕಿನ ಕಿರ್ಕುಕ್ ಹತ್ತಿರದ ಹಳೆಯ ಊರು ಅದು. 1925ರಿಂದ 1931ರವರೆಗೆ ಅಲ್ಲಿ ಅಗೆದಾಗ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಮಕ್ಕಳಿಲ್ಲದವರು ಒಬ್ಬನನ್ನು ದತ್ತು ತೆಗೆದುಕೊಳ್ಳುವುದು, ಅವನು ಮುಪ್ಪಿನಲ್ಲಿ ನೋಡಿಕೊಂಡು ಆಮೇಲೆ ಸ್ವತ್ತು ಪಡೆಯುವುದು, ಇಂಥ ಕರಾರುಗಳು ಅವುಗಳಲ್ಲಿವೆ. ಎಲೀಯೆಜರನೂ ಹೀಗೇ ದತ್ತು ಮಗ ಎಂದು ಒಂದು ಕಾಲದಲ್ಲಿ ಪಂಡಿತರು ಧೈರ್ಯವಾಗಿ ಬರೆದರು. ಆಮೇಲಿನವರು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಅಬ್ರಾಮ ಅವನನ್ನು ದತ್ತು ತೆಗೆದುಕೊಂಡ ಎಂದು ಆದಿಕಾಂಡ ಎಲ್ಲೂ ಹೇಳುವುದೂ ಇಲ್ಲ. ಆ ಕಾಲದ ಸುತ್ತಲಿನ ಪದ್ಧತಿ ತಿಳಿಯಲು ನೂಜಿ ಉಪಯೋಗಕ್ಕೆ ಬರುತ್ತದೆ, ಅಷ್ಟೇ.

ಈಗ 9ನೇ ವಚನದಿಂದ ನಿಧಾನವಾಗಿ ಓದಿ. ಮೂರು ವರ್ಷದ ಕಡಸು, ಮೂರು ವರ್ಷದ ಆಡು, ಮೂರು ವರ್ಷದ ಟಗರು. ಇವುಗಳನ್ನು ಎರಡು ಹೋಳು ಮಾಡಿ ಎದುರುಬದುರಾಗಿ ಇಡುತ್ತಾನೆ. ಹಕ್ಕಿಗಳನ್ನು ಮಾತ್ರ ಕಡಿಯುವುದಿಲ್ಲ. ಹದ್ದುಗಳು ಬಂದಾಗ ಅಬ್ರಾಮ ಓಡಿಸುತ್ತಾನೆ. ಹೊತ್ತು ಮುಳುಗುವಾಗ ಅವನಿಗೆ ಗಾಢ ನಿದ್ದೆ. ಕತ್ತಲಾದ ಮೇಲೆ ಹೊಗೆಯಾಡುವ ಒಲೆ, ಉರಿಯುವ ದೀವಟಿಗೆ ಆ ಹೋಳುಗಳ ನಡುವೆ ಹಾದುಹೋಗುತ್ತವೆ.

ಇದರ ಅರ್ಥ ಆಗಬೇಕಾದರೆ ಯೆರೆಮೀಯ 34:18-20 ತೆಗೆಯಿರಿ. ಅಲ್ಲಿ ಯೆರೂಸಲೇಮಿನ ದೊಡ್ಡವರು ಕರುವನ್ನು ಎರಡು ಹೋಳು ಮಾಡಿ ನಡುವೆ ನಡೆದು ಒಡಂಬಡಿಕೆ ಮಾಡಿರುತ್ತಾರೆ: ಗುಲಾಮರನ್ನು ಬಿಡುಗಡೆ ಮಾಡುತ್ತೇವೆ ಎಂದು. ಆಮೇಲೆ ಮಾತು ತಪ್ಪಿ ಅವರನ್ನು ಮತ್ತೆ ಹಿಡಿದು ತರುತ್ತಾರೆ. ಮಾತಿಗೆ ತಪ್ಪಿದವರ ಗತಿಯೂ ಆ ಕರುವಿನ ಹಾಗೆಯೇ ಎನ್ನುತ್ತಾನೆ ಪ್ರವಾದಿ. ಹೋಳುಗಳ ನಡುವೆ ನಡೆಯುವುದು ಅಂದರೆ ಮಾತು ಮುರಿದರೆ ನನಗೂ ಹೀಗೇ ಆಗಲಿ ಎಂದು ಆಣೆ ಇಟ್ಟ ಹಾಗೆ.

ಈಗ ಆದಿಕಾಂಡ 15ಕ್ಕೆ ವಾಪಸ್ ಬಂದು ಒಂದೇ ಪ್ರಶ್ನೆ ಕೇಳಿ. ಇಲ್ಲಿ ನಡುವೆ ನಡೆದವರು ಯಾರು? ಅಬ್ರಾಮ ನಿದ್ದೆಯಲ್ಲಿದ್ದಾನೆ. ದೇವರ ಗುರುತಾದ ಬೆಂಕಿ ಮಾತ್ರ ಹಾದುಹೋಯಿತು. ಷರತ್ತಿನ ಕಾಲಂನಲ್ಲಿ ಏನು ಬರೆಯುತ್ತೀರಿ ಎಂದು ಕೂಟದಲ್ಲಿ ಎಲ್ಲರನ್ನೂ ಕೇಳಿ, ಉತ್ತರಗಳನ್ನು ಹಾಗೇ ಇಟ್ಟುಕೊಳ್ಳಿ. ಪೌಲನ ಗಲಾತ್ಯ ಪತ್ರಕ್ಕೆ ಬಂದಾಗ ಇದು ಬೇಕಾಗುತ್ತದೆ.

ಹಂತ 2: ಮನೆಯೊಳಗಿನ ಪಾಲು

ಆದಿಕಾಂಡ 17, 21, 25 ಒಟ್ಟಿಗೆ ಓದಿ. 17ರಲ್ಲಿ ಅಬ್ರಾಮನ ಹೆಸರು ಅಬ್ರಹಾಮ ಎಂದಾಗುತ್ತದೆ, ಸುನ್ನತಿ ಬರುತ್ತದೆ, ಎಂಟನೇ ದಿನ ಎಂಬ ಕಟ್ಟಳೆ ಬರುತ್ತದೆ. ಅಂದರೆ 15ರಲ್ಲಿ ಕಾಣದ ಷರತ್ತು ಇಲ್ಲಿ ಕಾಣುತ್ತದೆ. ಎರಡನ್ನೂ ಬರೆದುಕೊಳ್ಳಿ, ಯಾವುದನ್ನೂ ಅಳಿಸಬೇಡಿ. ಇನ್ನೊಂದು ಮಾತು 12ನೇ ವಚನದಲ್ಲಿದೆ: ಮನೆಯಲ್ಲಿ ಹುಟ್ಟಿದವನಿಗೂ ಹಣ ಕೊಟ್ಟು ತಂದ ಪರದೇಶದವನಿಗೂ ಆ ಗುರುತು ಇರಬೇಕು. ರಕ್ತಸಂಬಂಧ ಇಲ್ಲದವರು ಮೊದಲ ದಿನದಿಂದಲೇ ಆ ಮನೆಯ ಒಳಗಿದ್ದರು.

21ರಲ್ಲಿ ಅಬ್ರಹಾಮನ ಹೆಂಡತಿ, ಇಸಾಕನ ತಾಯಿ ಸಾರಳು ಕಡ್ಡಿ ಮುರಿದ ಹಾಗೆ ಹೇಳುತ್ತಾಳೆ: ಈ ದಾಸಿಯ ಮಗ ನನ್ನ ಮಗನ ಜೊತೆ ಬಾಧ್ಯನಾಗಬಾರದು. ಬಾಬೆಲಿನ ಹಮ್ಮುರಾಬಿಯ ಕಾನೂನಿನಲ್ಲಿ ಇದಕ್ಕೆ ಹತ್ತಿರದ ಎರಡು ವಿಧಿಗಳಿವೆ, 170 ಮತ್ತು 171. ದಾಸಿಯಲ್ಲಿ ಹುಟ್ಟಿದವರನ್ನು ತಂದೆ ಬದುಕಿರುವಾಗ “ನನ್ನ ಮಕ್ಕಳು” ಎಂದು ಬಾಯಿಬಿಟ್ಟು ಹೇಳಿದ್ದರೆ ಅವರಿಗೂ ಪಾಲು. ಹೇಳದಿದ್ದರೆ ಪಾಲಿಲ್ಲ, ಬಿಡುಗಡೆ ಮಾತ್ರ. ಅಬ್ರಹಾಮ ಆ ಕಾನೂನಿನಂತೆ ನಡೆದ ಎನ್ನಲಾಗುವುದಿಲ್ಲ. ಆದರೆ ಬಾಯಿಮಾತಿಗೆ ಆ ಲೋಕದಲ್ಲಿ ಎಷ್ಟು ಬೆಲೆ ಇತ್ತು ಎಂಬುದು ಗೊತ್ತಾಗುತ್ತದೆ.

ಐದನೆಯ ಕಾಲಂನಲ್ಲಿ ಆ ದಾಸಿಯ ಮಗ ಇಷ್ಮಾಯೇಲನ ಹೆಸರು ಬರೆಯಿರಿ. ಆದರೆ ಪಕ್ಕದಲ್ಲೇ 17:20 ಮತ್ತು 21:13 ಕೂಡ ಬರೆಯಿರಿ. ಅವನಿಗೂ ಆಶೀರ್ವಾದ ಇದೆ, ಅವನಿಂದಲೂ ದೊಡ್ಡ ಜನಾಂಗ ಆಗುತ್ತದೆ. ವಾಗ್ದಾನದ ಸಾಲು ಇಸಾಕನಲ್ಲಿ ಮುಂದುವರಿಯಿತು ಎಂದ ಮಾತ್ರಕ್ಕೆ ದೇವರು ಇನ್ನೊಬ್ಬನನ್ನು ಬೀದಿಗೆ ಬಿಟ್ಟ ಎಂದಲ್ಲ. ಬಾವಿ ತೋರಿಸಿದ್ದು ಅವನ ತಾಯಿ ಹಾಗರಳಿಗೇ ಅಲ್ವಾ? 25:5-6ರಲ್ಲಿ ಅಬ್ರಹಾಮ ಉಳಿದ ಮಕ್ಕಳಿಗೆ ತಾನು ಬದುಕಿರುವಾಗಲೇ ಕೊಡುಗೆ ಕೊಟ್ಟು ದೂರ ಕಳಿಸುತ್ತಾನೆ, ಆಸ್ತಿಯೆಲ್ಲ ಇಸಾಕನಿಗೆ. ಆಮೇಲೆ ನಮ್ಮ ತಂದೆ ಏನೂ ಹೇಳಿರಲಿಲ್ಲ ಎಂದು ಯಾರೂ ತಕರಾರು ತೆಗೆಯದ ಹಾಗೆ. ಏಸಾವ ಚೊಚ್ಚಲತನದ ಹಕ್ಕನ್ನು ಕೆಂಪು ಬೇಳೆಯ ಅಡಿಗೆಗೆ ಮಾರಿದ ಕಥೆಯೂ ಅದೇ ಅಧ್ಯಾಯದಲ್ಲಿದೆ. ಅದು ಎಲ್ಲರಿಗೂ ಗೊತ್ತಿರುವುದರಿಂದ ಮುಂದೆ ಹೋಗೋಣ.

ಹಂತ 3: ಆದಿಕಾಂಡ 48, ಅವಸರ ಬೇಡ

ಈ ಅಧ್ಯಾಯಕ್ಕೆ ಒಂದು ವಾರ ಪೂರ್ತಿ ಕೊಡಿ. ನಾನು ಮೇಲೆ ಹೇಳಿದ ಮೂರನೆಯ ಘಟನೆ ಇದೇ. ಹಳೆಯ ಒಡಂಬಡಿಕೆಯಲ್ಲಿ ದತ್ತು ಅಂದರೆ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನೇ.

ಐಗುಪ್ತದಲ್ಲಿ ಇಸಾಕನ ಮಗ, ಮುದುಕ ಯಾಕೋಬ ಕಾಯಿಲೆ ಬಿದ್ದಿದ್ದಾನೆ. ಅವನ ಮಗ ಯೋಸೇಫ ತನ್ನ ಇಬ್ಬರು ಮಕ್ಕಳಾದ ಮನಸ್ಸೆ, ಎಫ್ರಾಯೀಮರನ್ನು ಕರೆದುಕೊಂಡು ಬರುತ್ತಾನೆ. ಅವರ ತಾಯಿ ಆಸನತ್, ಓನ್ ಪಟ್ಟಣದ ಯಾಜಕನ ಮಗಳು. ಹುಡುಗರು ಹುಟ್ಟಿದ್ದೂ ಅಲ್ಲೇ. ಯಾಕೋಬ ಎದ್ದು ಕೂತು ಹೇಳುವ ಮಾತು ನೇರ. ಈ ಇಬ್ಬರು ನನ್ನವರು. ನನ್ನ ಮೊದಲ ಇಬ್ಬರು ಮಕ್ಕಳಾದ ರೂಬೇನ, ಸಿಮೆಯೋನರು ಹೇಗೋ ಇವರೂ ಹಾಗೆ. ಇವರಾದ ಮೇಲೆ ನಿನಗೆ ಹುಟ್ಟುವವರು ನಿನ್ನವರು.

ಇಲ್ಲಿ ಪತ್ರವಿಲ್ಲ, ಬರವಣಿಗೆ ಇಲ್ಲ. ಒಂದು ಮಾತು, ಮೊಣಕಾಲಿನ ಹತ್ತಿರ ಹುಡುಗರು, ತಲೆಯ ಮೇಲೆ ಕೈ. ಮೊಣಕಾಲನ್ನು ಗಮನಿಸಿ. ಯೋಸೇಫ ಅವರನ್ನು ತಂದೆಯ ಮೊಣಕಾಲುಗಳ ಬಳಿಯಿಂದ ಸರಿಸುತ್ತಾನೆ ಎಂದು 12ನೇ ವಚನ ಹೇಳುತ್ತದೆ. 30:3ರಲ್ಲಿ ರಾಹೇಲಳು ದಾಸಿಯ ಮಗು ತನ್ನ ಮೊಣಕಾಲಿನ ಮೇಲೆ ಹುಟ್ಟಲಿ ಎನ್ನುತ್ತಾಳೆ. 50:23ರಲ್ಲಿ ಮರಿಮಕ್ಕಳು ಯೋಸೇಫನ ಮೊಣಕಾಲಿನ ಮೇಲೆ ಹುಟ್ಟಿದರು ಎಂದಿದೆ. ಮಗು ನಮ್ಮದು ಎಂದು ಒಪ್ಪಿಕೊಳ್ಳುವ ಗುರುತು ಇದಾಗಿತ್ತು ಎಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. ಈ ಮೂರು ವಚನ ಒಟ್ಟಿಗೆ ಓದಿದರೆ ನಿಮಗೂ ಹಾಗೇ ಅನ್ನಿಸಬಹುದು.

ಆಮೇಲೆ ಕೈ ಅದಲುಬದಲು. ದೊಡ್ಡವನು ಮನಸ್ಸೆ, ಬಲಗೈ ಅವನ ತಲೆಯ ಮೇಲಿರಬೇಕಿತ್ತು. ಯಾಕೋಬ ಕೈ ಅಡ್ಡ ಮಾಡಿ ಬಲಗೈಯನ್ನು ಚಿಕ್ಕವನ ಮೇಲೆ ಇಟ್ಟ. ಯೋಸೇಫನಿಗೆ ಇದು ಹಿಡಿಸಲಿಲ್ಲ. ಕೈ ಹಿಡಿದು ಸರಿಸಲು ನೋಡುತ್ತಾನೆ. “ನನಗೆ ಗೊತ್ತು, ಮಗನೇ, ಗೊತ್ತು” ಎನ್ನುತ್ತಾನೆ ಮುದುಕ. ತಾನೇ ಚಿಕ್ಕವನಾಗಿದ್ದುಕೊಂಡು ಕಣ್ಣು ಮಂಜಾದ ತಂದೆಯಿಂದ ದೊಡ್ಡವನ ಆಶೀರ್ವಾದ ಪಡೆದವನ ಬಾಯಲ್ಲಿ ಈ ಮಾತು!

ಪರಿಣಾಮ ಏನಾಯಿತು? ಯೆಹೋಶುವ 14:4 ನೋಡಿ. ಜಮೀನು ಹಂಚುವಾಗ ಯೋಸೇಫನ ಮನೆತನ ಎರಡು ಕುಲ ಎಂದೇ ಲೆಕ್ಕ. ಚೊಚ್ಚಲ ಮಗನಿಗೆ ಎರಡು ಪಾಲು ಎಂಬುದು ಧರ್ಮೋಪದೇಶಕಾಂಡ 21:17ರ ನಿಯಮ. ಆ ಎರಡು ಪಾಲು ರೂಬೇನನ ಕೈತಪ್ಪಿ ಯೋಸೇಫನ ಮಕ್ಕಳಿಗೆ ಬಂತು ಎಂದು 1 ಪೂರ್ವಕಾಲವೃತ್ತಾಂತ 5:1-2 ಬಿಡಿಸಿ ಹೇಳುತ್ತದೆ. ಐಗುಪ್ತದ ತಾಯಿಯ ಮಕ್ಕಳು ಇಸ್ರಾಯೇಲಿನ ಕುಲಗಳ ಮೂಲಪುರುಷರಾದರು. ಇವತ್ತಿಗೂ ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ಸಂಜೆ ತಂದೆತಾಯಿ ಗಂಡುಮಕ್ಕಳ ತಲೆಯ ಮೇಲೆ ಕೈಯಿಟ್ಟು, ದೇವರು ನಿನ್ನನ್ನು ಎಫ್ರಾಯೀಮ, ಮನಸ್ಸೆಯರ ಹಾಗೆ ಮಾಡಲಿ ಎಂದು ಹರಸುತ್ತಾರೆ. ಆ ಮಾತು ಈ ಅಧ್ಯಾಯದ 20ನೇ ವಚನದಿಂದ ಬಂದದ್ದು.

ಹಂತ 4: ಜಮೀನಿನ ಕಾನೂನು

ಮೂರು ಭಾಗ ಸಾಕು. ಮೊದಲು ಯಾಜಕಕಾಂಡ 25. ಅದರ 23ನೇ ವಚನಕ್ಕೆ ಗೆರೆ ಎಳೆಯಿರಿ. ಭೂಮಿ ನನ್ನದು, ನೀವು ನನ್ನ ಹತ್ತಿರ ಇರುವ ಪರದೇಶದವರು, ಇಳಿದುಕೊಂಡವರು ಎನ್ನುತ್ತಾನೆ ದೇವರು. ಸ್ವಾಸ್ತ್ಯ, ಅಂದರೆ ವಂಶಕ್ಕೆ ಬರುವ ಪಾಲು, ಎಂಬ ವಿಷಯದ ಬುಡವೇ ಇದು. ಪಡೆದವನು ಪೂರ್ತಿ ಮಾಲೀಕ ಅಲ್ಲ. ಹಾಗಾಗಿ ಖಾಯಂ ಆಗಿ ಮಾರುವ ಹಾಗಿಲ್ಲ. ಕಷ್ಟಕ್ಕೆ ಮಾರಿದರೂ ಹತ್ತಿರದ ಬಂಧು ಬಿಡಿಸಿಕೊಳ್ಳಬಹುದು. ಯಾರೂ ಬಿಡಿಸದಿದ್ದರೆ 50ನೇ ವರ್ಷ, ಅಂದರೆ ಜೂಬಿಲಿ ವರ್ಷ, ಅದು ಮೂಲ ಮನೆತನಕ್ಕೆ ವಾಪಸ್. ಬೆಲೆ ಕಟ್ಟುವುದು ಕೂಡ ಜೂಬಿಲಿಗೆ ಇನ್ನೆಷ್ಟು ಬೆಳೆ ಉಳಿದಿದೆ ಎಂಬ ಲೆಕ್ಕದಲ್ಲಿ. ನಮ್ಮ ಮಾತಿನಲ್ಲಿ ಹೇಳಬೇಕಾದರೆ ಅಲ್ಲಿ ಕ್ರಯ ಇಲ್ಲ, ಬರೀ ಭೋಗ್ಯ.

ಎರಡನೆಯದು ಅರಣ್ಯಕಾಂಡ 27, ಜೊತೆಗೆ 36. ಚಲ್ಪಹಾದನಿಗೆ ಗಂಡುಮಕ್ಕಳಿಲ್ಲ. ಐದು ಹೆಣ್ಣುಮಕ್ಕಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಮೋಶೆ, ಯಾಜಕ ಎಲ್ಲಾಜಾರ, ಮುಖಂಡರು, ಇಡೀ ಸಮೂಹ ನೆರೆದಿರುವಾಗ ಇವರು ಬಂದು ನಿಂತು, ಮಗ ಇಲ್ಲ ಎಂಬ ಕಾರಣಕ್ಕೆ ನಮ್ಮ ತಂದೆಯ ಹೆಸರು ಯಾಕೆ ಅಳಿಯಬೇಕು, ನಮಗೂ ಪಾಲು ಕೊಡಿ ಎಂದು ಕೇಳುತ್ತಾರೆ. ಮೋಶೆಗೆ ಉತ್ತರ ಗೊತ್ತಿಲ್ಲ. ದೇವರನ್ನು ಕೇಳುತ್ತಾನೆ. ಅವರು ಹೇಳುವುದು ಸರಿ ಎಂಬ ಉತ್ತರ ಬರುತ್ತದೆ. ಆಮೇಲೆ ಕ್ರಮ ನಿಗದಿಯಾಗುತ್ತದೆ: ಮಗ, ಮಗ ಇಲ್ಲದಿದ್ದರೆ ಮಗಳು, ಆಮೇಲೆ ಅಣ್ಣತಮ್ಮಂದಿರು, ತಂದೆಯ ಅಣ್ಣತಮ್ಮಂದಿರು, ಕೊನೆಗೆ ಹತ್ತಿರದ ನೆಂಟ. 36ರಲ್ಲಿ ಕುಲದ ಗಂಡಸರು ಬಂದು ಇವರು ಬೇರೆ ಕುಲದಲ್ಲಿ ಮದುವೆಯಾದರೆ ಜಮೀನು ಹೋಗುತ್ತದಲ್ಲ ಎನ್ನುತ್ತಾರೆ. ಸ್ವಂತ ಕುಲದಲ್ಲೇ ಮದುವೆಯಾಗಬೇಕು ಎಂಬ ಷರತ್ತು ಬೀಳುತ್ತದೆ. ಹಕ್ಕು ಸಿಕ್ಕಿತು, ಅದರ ಜೊತೆ ಕಟ್ಟೂ ಬಂತು. ಕೂಟದಲ್ಲಿ ಹೆಂಗಸರು ಇದ್ದರೆ ಈ ವಾರ ಮಾತು ಜೋರಾಗಿರುತ್ತದೆ. ಇರಲಿ, ತಡೆಯಬೇಡಿ.

ಒಂದು ಎಚ್ಚರಿಕೆ. ಬೈಬಲಿನ ಪ್ರಕಾರ ಮಗ ಇದ್ದರೆ ಮಗಳಿಗೆ ಪಾಲಿಲ್ಲ ಎಂದು ಯಾರಾದರೂ ಈ ಭಾಗವನ್ನು ಮನೆಯ ಪಾಲಿನ ಮಾತಿಗೆ ತಂದರೆ ಅಲ್ಲೇ ನಿಲ್ಲಿಸಿ. ಭಾರತೀಯ ಉತ್ತರಾಧಿಕಾರ ಕಾಯ್ದೆ, 1925ರ ಪ್ರಕಾರ ವಿಲ್ ಬರೆಯದೆ ತೀರಿಕೊಂಡ ಕ್ರೈಸ್ತರ ಸ್ವತ್ತಿನಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಬೈಬಲಿನಲ್ಲೇ ಯೋಬ ತನ್ನ ಹೆಣ್ಣುಮಕ್ಕಳಿಗೆ ಅವರ ಸಹೋದರರ ಜೊತೆಗೇ ಸ್ವಾಸ್ತ್ಯ ಕೊಟ್ಟ, 42:15 ನೋಡಿ.

ಮೂರನೆಯದು ಅರಣ್ಯಕಾಂಡ 18:20. ಲೇವಿ ಕುಲದ ಯಾಜಕರಿಗೆ ಜಮೀನಿನ ಪಾಲಿಲ್ಲ. ನಾನೇ ನಿನ್ನ ಪಾಲು ಎನ್ನುತ್ತಾನೆ ದೇವರು. ಇದನ್ನು ಧರ್ಮೋಪದೇಶಕಾಂಡ 32:9ರ ಪಕ್ಕದಲ್ಲಿಟ್ಟು ಓದಿ. ಅಲ್ಲಿ ತಿರುಗಾಮುರುಗಾ: ಜನರೇ ದೇವರ ಪಾಲು.

ಹಂತ 5: ಕಾನೂನು ಬದುಕಿನಲ್ಲಿ

1 ಅರಸುಗಳು 21ರಲ್ಲಿ ಅಹಾಬ ರಾಜ ಒಳ್ಳೆಯ ಬೆಲೆ ಕೊಡುತ್ತೇನೆ ಎಂದರೂ ನಾಬೋತ ದ್ರಾಕ್ಷಿತೋಟ ಕೊಡುವುದಿಲ್ಲ. ಪಿತ್ರಾರ್ಜಿತ ಎಂಬ ಹಟ ಮಾತ್ರ ಅಲ್ಲ ಅದು. ಯಾಜಕಕಾಂಡ 25 ಓದಿದವರಿಗೆ ಅವನ ಕಷ್ಟ ಗೊತ್ತಾಗುತ್ತದೆ. ಮಾರಲು ಅದು ಅವನದಲ್ಲ. ಸುಳ್ಳು ಸಾಕ್ಷಿ ಹಾಕಿಸಿ ಅವನನ್ನು ಕಲ್ಲು ಹೊಡೆಸಿ ಕೊಂದರು.

ರೂತಳು 4 ಇದಕ್ಕೆ ಎದುರು. ಬೇತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರ ಮುಂದೆ ಬೋವಜ ತನ್ನ ಬಂಧು, ವಿಧವೆ ನೊವೊಮಿಯ ಜಮೀನಿನ ವ್ಯವಹಾರ ತೆಗೆಯುತ್ತಾನೆ. ಅವನಿಗಿಂತ ಹತ್ತಿರದ ಬಂಧು ಒಬ್ಬ ಜಮೀನು ಬಿಡಿಸಲು ತಯಾರು. ನೊವೊಮಿಯ ವಿಧವೆ ಸೊಸೆ ರೂತಳೂ ಜೊತೆಗೆ ಬರುತ್ತಾಳೆ, ಸತ್ತವನ ಹೆಸರು ಉಳಿಸಬೇಕು ಎಂದ ತಕ್ಷಣ, ನನ್ನ ಸ್ವಂತ ಸ್ವಾಸ್ತ್ಯ ಹಾಳಾದೀತು ಎಂದು ಹಿಂದೆ ಸರಿಯುತ್ತಾನೆ, ಹಕ್ಕು ಬಿಟ್ಟ ಗುರುತಿಗೆ ಕೆರ ಕಳಚಿ ಕೊಡುತ್ತಾನೆ. ಅವನ ಹೆಸರು ಕೂಡ ಕಥೆಯಲ್ಲಿ ಉಳಿದಿಲ್ಲ. ಬೋವಜ ಒಪ್ಪುತ್ತಾನೆ. ಮಗು ಹುಟ್ಟಿದಾಗ ನೊವೊಮಿ ಅದನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ, ನೆರೆಯ ಹೆಂಗಸರು “ನೊವೊಮಿಗೆ ಮಗ ಹುಟ್ಟಿದ” ಎನ್ನುತ್ತಾರೆ. ಆ ಮಗು ಒಬೇದ, ದಾವೀದನ ತಾತ. ಮೋವಾಬಿನ ಸೊಸೆ, ಅತ್ತೆಯ ಮಡಿಲು, ಬೇರೆಯವರ ಹೆಸರಿನ ಜಮೀನು. ನಾಲ್ಕು ಹಂತದಲ್ಲಿ ಬರೆದುಕೊಂಡದ್ದೆಲ್ಲ ಈ ಒಂದು ಪುಟದಲ್ಲಿ ಸೇರುತ್ತದೆ.

ಸಮಯ ಇದ್ದರೆ ಯೆರೆಮೀಯ 32. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಪ್ರವಾದಿ ಸೆರೆಯಲ್ಲಿದ್ದಾನೆ. ಆಗ ಅನಾತೋತಿನ ಹೊಲವನ್ನು ಚಿಕ್ಕಪ್ಪನ ಮಗ ಹನಮೇಲನಿಂದ 17 ಶೆಕೆಲ್ ಬೆಳ್ಳಿಗೆ ಕೊಳ್ಳುತ್ತಾನೆ. ಕ್ರಯಪತ್ರಕ್ಕೆ ಎರಡು ಪ್ರತಿ, ಒಂದಕ್ಕೆ ಮುದ್ರೆ, ಒಂದು ತೆರೆದದ್ದು. ಅವನ ಬರಹಗಾರ ಬಾರೂಕ ಅವೆರಡನ್ನೂ ಮಣ್ಣಿನ ಮಡಕೆಯಲ್ಲಿ ಇಡಬೇಕು, ಬಹಳ ದಿನ ಉಳಿಯಲಿ ಅಂತ. ವಾಗ್ದಾನ ನಂಬುವುದು ಅಂದರೆ ಏನು ಎಂದು ಕೇಳುವವರಿಗೆ ಈ ಪತ್ರ ತೋರಿಸಬಹುದು.

ಹಂತ 6: ರಾಜ ಮತ್ತು ಹೊಸ ಒಡಂಬಡಿಕೆ

ಇದು ಚಿಕ್ಕ ಹಂತ. ವಿಮೋಚನಕಾಂಡ 4:22ರಲ್ಲಿ ಇಸ್ರಾಯೇಲ್ ದೇವರ ಚೊಚ್ಚಲ ಮಗ. 2 ಸಮುವೇಲ 7:14ರಲ್ಲಿ ದಾವೀದನ ವಂಶದ ರಾಜನಿಗೆ, ನಾನು ಅವನಿಗೆ ತಂದೆ, ಅವನು ನನಗೆ ಮಗ ಎಂಬ ಮಾತು. ಕೀರ್ತನೆ 2:7-8ರಲ್ಲಿ ಆ ಮಗನಿಗೆ ಜನಾಂಗಗಳೇ ಸ್ವಾಸ್ತ್ಯ. ಆಮೇಲೆ ಯೆರೆಮೀಯ 31:31-34. ಹೊಸ ಒಡಂಬಡಿಕೆ ಯಾರೊಂದಿಗೆ ಎಂದು ಗೆರೆ ಎಳೆಯಿರಿ: ಇಸ್ರಾಯೇಲ್ ವಂಶ ಮತ್ತು ಯೆಹೂದ ವಂಶ. ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಹೆಸರು ಆ ವಚನಗಳಲ್ಲಿ ಇಲ್ಲ. ಎರಡನೆಯ ಕಾಲಂನಲ್ಲಿ ಇದ್ದ ಹಾಗೇ ಬರೆಯಿರಿ.

ಹಂತ 7: ಈಗ ಪೌಲ

ಪುತ್ರತ್ವಕ್ಕೆ ತೆಗೆದುಕೊಳ್ಳುವುದು, ಅಂದರೆ ದತ್ತು ಎಂಬ ಅರ್ಥದ ಗ್ರೀಕ್ ಪದ ಪೌಲನ ಹೆಸರಿನ ಪತ್ರಗಳಲ್ಲಿ ಐದೇ ಸಲ ಬರುತ್ತದೆ: ರೋಮಾಪುರ 8:15, 8:23, 9:4, ಗಲಾತ್ಯ 4:5, ಎಫೆಸ 1:5. ಐದನ್ನೂ ಒಂದೇ ಪುಟದಲ್ಲಿ ಬರೆದುಕೊಳ್ಳಿ.

ಅದು ರೋಮ್ ಸಾಮ್ರಾಜ್ಯದ ಕಾನೂನಿನಲ್ಲಿ ದಿನಬಳಕೆಯ ವಿಷಯ. ಅಲ್ಲಿ ದತ್ತು ಹೋಗುತ್ತಿದ್ದವರು ಹೆಚ್ಚಾಗಿ ಬೆಳೆದ ಗಂಡಸರು. ಅಗಸ್ಟಸ್ ಕ್ರಿ.ಶ. 4ರಲ್ಲಿ ತಿಬೇರಿಯನನ್ನು ದತ್ತು ತೆಗೆದುಕೊಂಡಾಗ ಅವನಿಗೆ 40 ದಾಟಿತ್ತು. ಕ್ಲೌದಿಯಸ್ ಕ್ರಿ.ಶ. 50ರಲ್ಲಿ ಸ್ವಂತ ಮಗ ಬ್ರಿಟಾನಿಕಸ್ ಇರುವಾಗಲೇ ನೀರೋನನ್ನು ದತ್ತು ತೆಗೆದುಕೊಂಡ. ಪೌಲ ರೋಮಾಪುರದವರಿಗೆ ಬರೆದದ್ದು ಸುಮಾರು 57ರಲ್ಲಿ. ಅಂದರೆ ಪತ್ರ ಓದಿದವರನ್ನು ಆಗ ಆಳುತ್ತಿದ್ದವನೇ ದತ್ತು ಮಗ. ದತ್ತು ಮಗ ಪೂರ್ತಿ ವಾರಸುದಾರ ಎಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಹಳ ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ. ನನಗೆ ಅದು ಸಾಲದು. ರೋಮಾಪುರ 9:4 ನೋಡಿ. ಪುತ್ರತ್ವ, ಮಹಿಮೆ, ಒಡಂಬಡಿಕೆಗಳು, ಧರ್ಮಶಾಸ್ತ್ರ, ಆರಾಧನೆ, ವಾಗ್ದಾನಗಳು ಇಸ್ರಾಯೇಲ್ಯರವು ಎನ್ನುತ್ತಾನೆ ಪೌಲ. ಪಟ್ಟಿಯಲ್ಲಿ ಮೊದಲನೆಯದೇ ಪುತ್ರತ್ವ. ಅಂದರೆ ಅವನ ಕಣ್ಣಿನಲ್ಲಿ ದತ್ತಿನ ಮೊದಲ ಕಥೆ ಐಗುಪ್ತದಿಂದ ಹೊರಟವರದು, ಚಕ್ರವರ್ತಿಗಳದಲ್ಲ. ರೋಮಿನವರಿಗೆ ತಿಳಿದ ಮಾತಿನಲ್ಲಿ ಇಬ್ರಿಯರ ಮನೆಯ ವಿಷಯ ಹೇಳುತ್ತಿದ್ದಾನೆ.

ಈಗ ಗಲಾತ್ಯ 3:15ರಿಂದ 4:7ರವರೆಗೆ ಒಂದೇ ಉಸಿರಿನಲ್ಲಿ ಓದಿ. ಸ್ಥಿರಪಡಿಸಿದ ಒಡಂಬಡಿಕೆಯನ್ನು 430 ವರ್ಷ ಆದ ಮೇಲೆ ಬಂದ ಧರ್ಮಶಾಸ್ತ್ರ ರದ್ದು ಮಾಡಲಾರದು ಎಂಬುದು ಅವನ ವಾದ. ಹಂತ 1ರಲ್ಲಿ ಷರತ್ತಿನ ಕಾಲಂನಲ್ಲಿ ಏನು ಬರೆದಿರಿ ಎಂದು ಈಗ ತಿರುಗಿ ನೋಡಿ. 4:1-2ರಲ್ಲಿ ಚಿಕ್ಕ ವಯಸ್ಸಿನ ವಾರಸುದಾರ ಎಲ್ಲದಕ್ಕೂ ಒಡೆಯನಾದರೂ ಪಾಲಕರ ಕೈಕೆಳಗೆ ದಾಸನ ಹಾಗೇ ಇರುತ್ತಾನೆ. 3:29ರಲ್ಲಿ ಅನ್ಯಜನರ ಹೆಸರು ಸೇರುತ್ತದೆ: ಕ್ರಿಸ್ತನವರಾದರೆ ಅಬ್ರಹಾಮನ ಸಂತಾನ, ವಾಗ್ದಾನದ ಪ್ರಕಾರ ಬಾಧ್ಯರು.

ರೋಮಾಪುರ 8 ಓದುವಾಗ 15 ಮತ್ತು 23ನೇ ವಚನ ಜೋಡಿಸಿ. 15ರಲ್ಲಿ ದತ್ತು ಆಗಲೇ ಆಗಿದೆ, ಅಪ್ಪಾ ಎಂದು ಕರೆಯುತ್ತಿದ್ದೇವೆ. 23ರಲ್ಲಿ ಅದಕ್ಕೇ ಇನ್ನೂ ಕಾಯುತ್ತಿದ್ದೇವೆ. ಎಫೆಸ 1:13-14 ಈ ನಡುವಿನ ಕಾಲವನ್ನು ಸಂಚಕಾರದ ಮಾತಿನಲ್ಲಿ ಹೇಳುತ್ತದೆ: ಮುಂಗಡ ಕೈಗೆ ಬಂದಿದೆ, ಬಾಕಿ ಬರಬೇಕಿದೆ. ಇಬ್ರಿಯರಿಗೆ 9:16-17 ಒಡಂಬಡಿಕೆಯನ್ನು ಮರಣಶಾಸನದ ಹಾಗೆ ಹಿಡಿಯುತ್ತದೆ, ಬರೆದವನು ಸತ್ತ ಮೇಲೆ ಜಾರಿ. ಅದು ಬೇರೆಯೇ ಒಂದು ಕೋನ, ಗಲಾತ್ಯದ ಜೊತೆ ಕಲಸಬೇಡಿ.

ಎಡವುವ ಜಾಗಗಳು

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ: ಯೆಹೂದ್ಯರ ಪಾಲು ರದ್ದಾಯಿತು, ಅದು ಈಗ ಸಭೆಗೆ ಬಂತು ಎನ್ನುವುದು. ರೋಮಾಪುರ 11 ಇದನ್ನು ಒಪ್ಪುವುದಿಲ್ಲ. ಕಾಡು ಎಣ್ಣೇಮರದ, ಅಂದರೆ ಆಲಿವ್ ಮರದ, ಕೊಂಬೆಯನ್ನು ಊರ ಎಣ್ಣೇಮರಕ್ಕೆ ಕಸಿ ಮಾಡಿದ್ದಾರೆ, ಬೇರನ್ನು ನೀನು ಹೊತ್ತಿಲ್ಲ, ಬೇರೇ ನಿನ್ನನ್ನು ಹೊತ್ತಿದೆ, ಹಾಗಾಗಿ ಜಂಬ ಬೇಡ ಎನ್ನುತ್ತಾನೆ ಪೌಲ. ದೇವರ ವರಗಳೂ ಕರೆಯೂ ಹಿಂದಕ್ಕೆ ಹೋಗುವುದಿಲ್ಲ ಎಂಬುದು 29ನೇ ವಚನ. ಕ್ಯಾಥೊಲಿಕ್ ಸಭೆ ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1965ರಲ್ಲಿ, ಯೆಹೂದ್ಯರ ಬಗ್ಗೆ ಹೇಳಿಕೆ ಕೊಡುವಾಗ ಈ ಅಧ್ಯಾಯವನ್ನೇ ಆಧಾರ ಮಾಡಿಕೊಂಡಿತು.

ಇದರ ಎದುರು ಬದಿಗೆ ಜಾರುವವರೂ ಇದ್ದಾರೆ. ಅನ್ಯಜನರ ವಿಶ್ವಾಸಿಗಳು ನಿಜವಾಗಿ ಕಳೆದುಹೋದ ಎಫ್ರಾಯೀಮ ಕುಲದವರೇ ಎಂದು ಕೆಲವರು ಆದಿಕಾಂಡ 48:19 ತೋರಿಸಿ ಹೇಳುತ್ತಾರೆ. ಪೌಲನಿಗೆ ಆ ಲೆಕ್ಕ ಬೇಕಾಗಿರಲಿಲ್ಲ. ಎಫೆಸ 2:12ರಲ್ಲಿ ಅವರನ್ನು ವಾಗ್ದಾನದ ಒಡಂಬಡಿಕೆಗಳಿಗೆ ಪರದೇಶದವರು ಎಂದು ಕರೆದು, 2:19ರಲ್ಲಿ ದೇವರ ಮನೆಯವರು ಎನ್ನುತ್ತಾನೆ. ರಕ್ತದಲ್ಲಿ ಮೊದಲೇ ಮನೆಯವರಾಗಿದ್ದರೆ ದತ್ತು ಯಾಕೆ ಬೇಕಿತ್ತು?

ಹಾಗಾದರೆ ನಾವೂ ಯೆಹೂದ್ಯರ ಹಾಗೆ ಸುನ್ನತಿ, ಸಬ್ಬತ್, ಪಸ್ಕ ಎಲ್ಲ ಆಚರಿಸಬೇಕಾ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಅಪೊಸ್ತಲರ ಕೃತ್ಯಗಳು 15 ಓದಿಸಿ. ಅನ್ಯಜನರಿಗೆ ಸುನ್ನತಿಯ ಹೊರೆ ಹಾಕಬಾರದು ಎಂದು ಯೆರೂಸಲೇಮಿನ ಕೂಟದಲ್ಲಿ ತೀರ್ಮಾನ ಮಾಡಿದವರು ಯೆಹೂದ್ಯರೇ. ಹಬ್ಬಗಳ ಬಗ್ಗೆ ತಿಳಿದುಕೊಳ್ಳುವುದು ಒಳ್ಳೆಯದು. ಅದನ್ನು ಇನ್ನೊಬ್ಬರ ಮೇಲೆ ಹೇರಿದರೆ, ಅನ್ಯಜನರಿಗೆ ಸುನ್ನತಿ ಬೇಕೋ ಬೇಡವೋ ಎಂಬ ಗಲಾತ್ಯದ ಜಗಳ ಮತ್ತೆ ಶುರು.

ನಿನ್ನ ಸ್ವಾಸ್ತ್ಯವನ್ನು ಕ್ಲೇಮ್ ಮಾಡು, ಕಾರು ಬರುತ್ತದೆ, ಸೈಟು ಬರುತ್ತದೆ ಎನ್ನುವ ಬೋಧನೆ ಈಗ ಎಲ್ಲ ಕಡೆ ಇದೆ. ಅಂಥವರಿಗೆ ರೋಮಾಪುರ 8:17ನ್ನು ಕೊನೆಯವರೆಗೆ ಓದಲು ಹೇಳಿ. ಕ್ರಿಸ್ತನೊಂದಿಗೆ ಬಾಧ್ಯರು ಎಂಬ ಮಾತಿನ ಬೆನ್ನಿಗೇ ಅವನೊಂದಿಗೆ ಬಾಧೆಪಡುವ ಮಾತಿದೆ.

ನಾಲ್ಕೇ ವಾರ ಇದ್ದರೆ ಹೀಗೆ ಮಾಡಿ. ಮೊದಲ ವಾರ ಆದಿಕಾಂಡ 15, ಎರಡನೆಯ ವಾರ 48, ಮೂರನೆಯ ವಾರ ಯಾಜಕಕಾಂಡ 25ರ ಜೊತೆ ರೂತಳು 4, ನಾಲ್ಕನೆಯ ವಾರ ಗಲಾತ್ಯ 3-4 ಮತ್ತು ರೋಮಾಪುರ 9:4, 11:17-29. ರಾಜನ ಭಾಗ, ನಾಬೋತನ ಭಾಗ ಬಿಟ್ಟರೂ ನಡೆಯುತ್ತದೆ. ಮಕ್ಕಳು ಕೂಟಕ್ಕೆ ಬರುತ್ತಿದ್ದರೆ ಎರಡನೆಯ ವಾರ ಅವರಲ್ಲಿ ಮೂವರಿಂದ ಯಾಕೋಬ, ಮನಸ್ಸೆ, ಎಫ್ರಾಯೀಮರ ಪಾತ್ರ ಮಾಡಿಸಿ. ಕೈ ಅಡ್ಡ ಮಾಡಿ ಇಡುವುದು ಓದಿದ್ದಕ್ಕಿಂತ ಮಾಡಿ ನೋಡಿದಾಗ ಬೇಗ ಅರ್ಥವಾಗುತ್ತದೆ.